ಬಚ್ಚಲೊಲೆಯ ಚಳಿಗಾಲ

ನಮ್ಮ ಮನೆಯಲ್ಲಿ ಚಳಿಗಾಲ ಬಂತೆಂದು ತೀರ್ಮಾನಿಸುವ ಅಧಿಕಾರ ಇದ್ದದ್ದು ತೆಂಗಿನೆಣ್ಣೆಯ ಬಾಟಲಿಗೆ. ಪಂಚಾಂಗ ಏನೇ ಹೇಳಲಿ, ಬೆಳಿಗ್ಗೆ ತಲೆಗೆ ಹಚ್ಚಲೆಂದು ಬಾಟಲಿ ಬಗ್ಗಿಸಿದಾಗ ಎಣ್ಣೆ ಇಳಿಯದೆ ಒಳಗೇ ಬೆಳ್ಳಗೆ ಕೂತಿದ್ದರೆ ಅಮ್ಮ "ಎಣ್ಣೆ ಕಟ್ಟಿತು" ಎನ್ನುತ್ತಿದ್ದಳು. ಆ ಮಾತು ಬಿದ್ದ ದಿನವೇ ಅಟ್ಟದಿಂದ ಕಂಬಳಿ ಇಳಿಯುತ್ತಿತ್ತು. ತೆಂಗಿನೆಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿಗೆ ಎಂದು ಆಮೇಲೆ ಎಲ್ಲೋ ಓದಿ ನನಗೆ ನಾಚಿಕೆಯಾಯಿತು. 24 ಡಿಗ್ರಿ! ಮಲೆನಾಡಿನ ಕೊಪ್ಪದ ನಮ್ಮ ಭಾವ ಡಿಸೆಂಬರಿನಲ್ಲಿ ಉಡುಪಿ ಬಳಿಯ ನಮ್ಮ ಉದ್ಯಾವರಕ್ಕೆ ಬಂದರೆ ಬನಿಯನ್ನಿನಲ್ಲೇ ಜಗಲಿಯಲ್ಲಿ ಮಲಗಿ, ಕಿವಿಗೆ ಮಫ್ಲರ್ ಸುತ್ತಿಕೊಂಡ ನಮ್ಮನ್ನು ನೋಡಿ, "ನಿಮ್ಗೆಲ್ಲ ಎಂತ, ಜ್ವರವಾ?" ಎಂದು ಕೇಳುತ್ತಿದ್ದರು.

ಅವರ ಕಡೆ ಚಳಿ ಮನೆಗೆ ಬಂದ ನೆಂಟನ ಹಾಗೆ ತಿಂಗಳುಗಟ್ಟಲೆ ಇರುತ್ತದೆ. ನಮ್ಮದು ಹಾಗಲ್ಲ. ಬೆಳಗಿನ ನಾಲ್ಕೂವರೆಗೆ ಮೂಡುಗಾಳಿಯ ಜೊತೆ ಬರುತ್ತದೆ, ಎಂಟು ಗಂಟೆಗೆ ಬಿಸಿಲು ತೆಂಗಿನ ತಲೆ ದಾಟುವಾಗ ಹೋಗುತ್ತದೆ. ಹತ್ತಕ್ಕೆ ಮತ್ತೆ ಬೆವರು. ದಿನಕ್ಕೆ ಮೂರೂವರೆ ಗಂಟೆಯ ಚಳಿ. ಇಷ್ಟು ಕಡಿಮೆ ಸಿಗುವ ವಸ್ತುವನ್ನು ಹಾಳು ಮಾಡಬಾರದಲ್ಲ, ಹಾಗಾಗಿ ನಾವು ಅದನ್ನು ಪೂರ್ತಿಯಾಗಿ ಬಚ್ಚಲೊಲೆಯ ಮುಂದೆ ಖರ್ಚು ಮಾಡುತ್ತಿದ್ದೆವು.

ಬಚ್ಚಲು ಮನೆಯ ಹಿಂದೆ, ಬಾವಿಯ ಪಕ್ಕ. ಕುತ್ತಿಗೆವರೆಗೆ ಮಣ್ಣಿನ ಒಲೆಯಲ್ಲಿ ಹೂತ ತಾಮ್ರದ ಹಂಡೆ. ಅದರ ಒಳಗು ಹುಣಸೆಹುಳಿ ಹಾಕಿ ತಿಕ್ಕಿ ಕೆಂಪಗೆ ಹೊಳೆಯುತ್ತಿದ್ದರೆ, ಹೊರಗಿನ ಮಸಿ ಮೂರು ತಲೆಮಾರಿನದು. ಈ ಒಲೆಗೆ ಯಾರೂ ಕಟ್ಟಿಗೆ ಕೊಂಡದ್ದಿಲ್ಲ. ತೋಟದಲ್ಲಿ ಬಿದ್ದದ್ದೆಲ್ಲ ಅದರ ಹೊಟ್ಟೆಗೆ. ಒಣಗಿದ ಸೋಗೆ ಚುನಾವಣೆಯ ಭಾಷಣದ ಹಾಗೆ, ಭಗ್ಗನೆ ಉರಿದು ಎರಡು ನಿಮಿಷದಲ್ಲಿ ಏನೂ ಇಲ್ಲ. ತೆಂಗಿನ ಸಿಪ್ಪೆ ಉರಿಗಿಂತ ಹೊಗೆಯನ್ನೇ ಹೆಚ್ಚು ಕೊಟ್ಟು ಕಣ್ಣಲ್ಲಿ ನೀರು ತರಿಸುತ್ತದೆ. ಮಡಲಿನ ಬುಡದ ಕೊತ್ತಳಿಗೆ ನಿಧಾನಿ, ಆದರೆ ಹಿಡಿದರೆ ಬಿಡುವುದಿಲ್ಲ. ಗೆರಟೆ, ಅಂದರೆ ತೆಂಗಿನ ಚಿಪ್ಪು, ಅದೊಂದು ಮಾತ್ರ ನಿಜವಾದ ದೊಡ್ಡ ಮನುಷ್ಯ. ಸದ್ದಿಲ್ಲದೆ ಉರಿದು ಗಟ್ಟಿ ಕೆಂಡ ಬಿಟ್ಟು ಹೋಗುತ್ತದೆ.

ಕೆಂಡದ ಮುಂದೆ ಕೂರುವುದಕ್ಕೂ ಒಂದು ಕ್ರಮ ಇತ್ತು. ಎಲ್ಲರಿಗಿಂತ ಮುಂದೆ ಬೆಕ್ಕು, ಅದರ ಪಕ್ಕ ಕರಗಲೆಂದು ಇಟ್ಟ ಎಣ್ಣೆ ಬಾಟಲಿ, ಅದರ ಹಿಂದೆ ಅಡಿಕೆ ಹಾಳೆಯ ಮೇಲೆ ನಾನು ಮತ್ತು ತಂಗಿ. ಅಪ್ಪ ಬಾಗಿಲ ಹತ್ತಿರ ಕೂತು ಹಸಿ ಗರಿಯನ್ನು ಕತ್ತಿಯಲ್ಲಿ ಸೀಳಿ ಕಡ್ಡಿ ಬಿಡಿಸುತ್ತಿದ್ದರು, ಹಿಡಿಸೂಡಿ ಎಂಬ ಕಡ್ಡಿಪೊರಕೆ ಕಟ್ಟಲು. ಮಳೆ ನಿಂತು ಅಂಗಳ ಕೆತ್ತಿ ಸೆಗಣಿ ಸಾರಿಸಿದ ಮೇಲೆ ಮನೆಗೆ ಹೊಸ ಹಿಡಿಸೂಡಿ ಬೇಕೇ ಬೇಕು. ಒಮ್ಮೆ ಬೆಂಕಿ ನೋಡಿಕೊಳ್ಳಲು ಹೇಳಿ ಅವರು ಹಾಲು ತರಲು ಹೋದರು. ನಾನು ಕೈಗೆ ಸಿಕ್ಕಿದ್ದನ್ನು ಒಲೆಗೆ ತುರುಕಿದೆ. ಸಿಕ್ಕಿದ್ದು ಮೂರು ದಿನದ ಕಡ್ಡಿ. ಚೆನ್ನಾಗಿ ಉರಿಯಿತು. ಅಪ್ಪ ಬಂದು ನೋಡಿ ಬೈಯಲಿಲ್ಲ, ಕತ್ತಿಯನ್ನು ನನ್ನ ಕೈಗೆ ಕೊಟ್ಟರು.

ನೀರು ಕಾದು ಎಲ್ಲರೂ ಮಿಂದಾದ ಮೇಲೆ ಉಳಿದ ಕೆಂಡಕ್ಕೆ ಕೆಲಸ ಇರುತ್ತಿತ್ತು. ಒಂದು ದಿನ ಗೆಣಸು, ಇನ್ನೊಂದು ದಿನ ಗುಳ್ಳ. ಗುಳ್ಳ ಎಂದರೆ ಮಟ್ಟುಗುಳ್ಳ, ಬೇರೆ ಗುಳ್ಳವನ್ನು ನಾವು ಬದನೆ ಎಂದಷ್ಟೇ ಕರೆಯುತ್ತೇವೆ. ಮಟ್ಟು ನಮಗೆ ಹತ್ತಿರ, ಕಟಪಾಡಿಯಿಂದ ಸಮುದ್ರದ ಕಡೆಗೆ. ಮಳೆಗಾಲದ ಭತ್ತ ಕೊಯ್ದ ಗದ್ದೆಯಲ್ಲಿ ಗುಳ್ಳ ನೆಟ್ಟರೆ ಚಳಿಗೆ ಸರಿಯಾಗಿ ಕಾಯಿ ಬಿಡುತ್ತದೆ. ಉರುಟಾಗಿ, ತಿಳಿಹಸಿರು ಮೈಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಇದರ ಬೀಜ ಕೊಟ್ಟವರು ಸೋದೆಯ ವಾದಿರಾಜರು ಎಂಬುದು ಊರಿನ ನಂಬಿಕೆ. ಇಂಥ ಊರಿನದೇ ಬೆಳೆ ಎಂದು ಹೇಳುವ ಸರಕಾರದ ಜಿಐ ಗುರುತು ಸಿಕ್ಕಿದ್ದು 2011ರಲ್ಲಿ. ಆ ಸುದ್ದಿ ಪೇಪರಿನಲ್ಲಿ ಓದಿದಾಗ ಅಜ್ಜಿ, "ಈಗ ಗೊತ್ತಾಯ್ತಾ ಅವ್ರಿಗೆ?" ಎಂದು ಕನ್ನಡಕ ತೆಗೆದಿಟ್ಟರು.

ಸಿಪ್ಪೆ ಕಪ್ಪಾಗಿ ಒಡೆದು ಒಳಗಿನ ತಿರುಳು ಬೆಣ್ಣೆಯಾಗುವವರೆಗೆ ಸುಡಬೇಕು. ಸುಲಿದು ಹಿಸುಕಿ, ಹಸಿಮೆಣಸು, ಉಪ್ಪು, ಹುಣಸೆರಸ, ಒಂದು ಚೂರು ಬೆಲ್ಲ, ಮೇಲೆ ಹಸಿ ತೆಂಗಿನೆಣ್ಣೆ. ಇದಕ್ಕೆ ನಮ್ಮಲ್ಲಿ ಬಜ್ಜಿ ಎನ್ನುತ್ತಾರೆ. ಬೆಂಗಳೂರಿನ ಗೆಳೆಯನೊಬ್ಬ ಬಜ್ಜಿ ಎಂದು ಕೇಳಿ ಚಹಾ ಹಿಡಿದು ಕಾದು ಕೂತದ್ದುಂಟು. ಪಾಪ, ಕುಚ್ಚಲಕ್ಕಿ ಗಂಜಿ ಬಂತು.

ಈ ಬಜ್ಜಿ ದೇವರ ಮುಂದೆ ಹೋಗುತ್ತಿರಲಿಲ್ಲ. ಬಚ್ಚಲ ಕೆಂಡದಲ್ಲಿ ಸುಟ್ಟದ್ದು ನೈವೇದ್ಯಕ್ಕಾಗದು, ಮಕ್ಕಳ ಬಟ್ಟಲಿಗೆ ಮಾತ್ರ ಎಂದು ಅಜ್ಜಿಯ ಕಾನೂನು. ದೇವರಿಗೆ ಧನುರ್ಮಾಸದಲ್ಲಿ ಬೇರೆಯೇ ಹುಗ್ಗಿ. ಅಕ್ಕಿ, ಹೆಸರುಬೇಳೆ, ಕಾಳುಮೆಣಸು, ಶುಂಠಿ, ತೆಂಗಿನತುರಿ, ತುಪ್ಪ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿಯಬೇಕು. ಚಾತುರ್ಮಾಸ್ಯದ ಕೊನೆಯ ತಿಂಗಳು ದ್ವಿದಳ ವ್ರತ, ಬೇಳೆಕಾಳು ಬಾಯಿಗೆ ಇಲ್ಲ. ಉತ್ಥಾನ ದ್ವಾದಶಿಗೆ ವ್ರತ ಬಿಟ್ಟು ತಿಂಗಳೊಪ್ಪತ್ತಿನಲ್ಲಿ ಈ ಹುಗ್ಗಿ ಬರುವುದರಿಂದ ಹೆಸರುಬೇಳೆ ಅಷ್ಟು ರುಚಿಯೋ, ಕತ್ತಲಲ್ಲಿ ಎದ್ದ ಹಸಿವಿಗೋ, ಹೇಳುವುದು ಕಷ್ಟ. ಧನುರ್ಮಾಸದಲ್ಲಿ ಮದುವೆ ಮುಂಜಿ ಇಲ್ಲ, ಊಟದ ಕರೆಯೂ ಇಲ್ಲ. ವರ್ಷದಲ್ಲಿ ಮನೆಯವರೆಲ್ಲ ಮನೆಯಲ್ಲೇ ಉಣ್ಣುವ ತಿಂಗಳು ಅದೊಂದೇ ಎಂದು ಅಮ್ಮನ ಸಮಾಧಾನ. ಅಪ್ಪನಿಗೆ ಅದೇ ಬೇಸರ.

ಅಜ್ಜಿ ಮಾತ್ರ ಹಂಡೆಯ ನೀರು ಮುಟ್ಟುತ್ತಿರಲಿಲ್ಲ. ಮಡಿಗೆ ಬಾವಿ ನೀರೇ ಆಗಬೇಕು. "ಬಾವಿ ನೀರು ಬಿಸಿ ಉಂಟು ಮಾರಾಯ" ಎನ್ನುತ್ತಿದ್ದರು. ಅವರು ಹಟಕ್ಕೆ ಹೇಳುತ್ತಾರೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಕೊಡಪಾನಕ್ಕೆ ಕೈ ಅದ್ದಿ ನೋಡಿದರೆ ನಿಜಕ್ಕೂ ಬೆಚ್ಚಗಿತ್ತು. ನೆಲದಾಳದ ನೀರಿಗೆ ಹೊರಗಿನ ಚಳಿ ತಿಳಿಯುವುದೇ ಇಲ್ಲ. ಎರಡು ವರ್ಷಕ್ಕೊಮ್ಮೆ ಉಡುಪಿ ಕೃಷ್ಣಮಠದ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಜನವರಿ 18ರ ಪರ್ಯಾಯಕ್ಕೆ, ಪೀಠ ಏರುವ ಸ್ವಾಮಿಗಳು ನಸುಕಿಗೂ ಮೊದಲು ಕಾಪುವಿನ ದಂಡತೀರ್ಥದಲ್ಲಿ ಮಿಂದು ಉಡುಪಿಗೆ ಬರುತ್ತಾರೆ. ನಾವು ಬಿಸಿನೀರಿಗೆ ಜಗಳವಾಡಿದಾಗಲೆಲ್ಲ ಅಜ್ಜಿ ಆ ದಂಡತೀರ್ಥವನ್ನು ನೆನಪಿಸುತ್ತಿದ್ದರು. ನನಗೋ ಪರ್ಯಾಯದಲ್ಲಿ ಹಿಡಿಸಿದ್ದು ಮಧ್ವ ಸರೋವರದ ಬಳಿ ತೇರಿನ ಆಕಾರಕ್ಕೆ ಪೇರಿಸಿಡುವ ಕಟ್ಟಿಗೆ ರಥ. ನಮ್ಮ ಬಚ್ಚಲಿಗೆ ಅದು ಎಷ್ಟು ವರ್ಷಕ್ಕೆ ಬರಬಹುದೆಂದು ತಂಗಿಯೂ ನಾನೂ ಲೆಕ್ಕ ಹಾಕಿದ್ದೆವು.

ಒಲೆ ಆರಿದ ಮೇಲೆ ಬೂದಿ. ಪಾತ್ರೆಗೆ ಸ್ವಲ್ಪ, ಬಸಳೆ ಬುಡಕ್ಕೆ ಸ್ವಲ್ಪ, ಜರಡಿ ಹಿಡಿದ ನುಣುಪು ಬೂದಿ ಒಂದು ಡಬ್ಬಿಯಲ್ಲಿ ಅಜ್ಜಿಗೆ. ಅವರು ಮಧ್ಯಾಹ್ನ ಜಗಲಿಯಲ್ಲಿ ಕಾಲು ಚಾಚಿ ಬತ್ತಿ ಹೊಸೆಯುತ್ತಿದ್ದರು. ಹಿತ್ತಲ ಹತ್ತಿಗಿಡದ ಹತ್ತಿ, ಬೀಜ ಬಿಡಿಸಿ ಎಳೆದು, ಬೆರಳಿಗೆ ಬೂದಿ ಸವರಿಕೊಂಡು ತಿರುಚಿದರೆ ಜಾರದೆ ನಿಲ್ಲುತ್ತದೆ. ಲಕ್ಷಬತ್ತಿಯ ಹರಕೆ ಅವರದು. ದಿನಕ್ಕೆ 300ರಂತೆ ಹೊಸೆದರೆ 333 ದಿನ ಕಳೆದ ಮೇಲೂ 100 ಬತ್ತಿ ಬಾಕಿ ಇರುತ್ತದೆ ಎಂದು ನಾನು ಸ್ಲೇಟಿನಲ್ಲಿ ಮಾಡಿ ತೋರಿಸಿದಾಗ, "ಆ ನೂರು ನೀನು ಹೊಸೆ" ಎಂದರು. ಸುಟ್ಟ ಗುಳ್ಳ ದೇವರಿಗೆ ಆಗುವುದಿಲ್ಲವಾದರೆ ಅದೇ ಒಲೆಯ ಬೂದಿ ದೇವರ ಬತ್ತಿಗೆ ಹೇಗೆ ಆಗುತ್ತದೆ ಎಂದೂ ಕೇಳಿದ್ದೆ. "ಕೆಂಡಕ್ಕೆ ಮೈಲಿಗೆ ಉಂಟು. ಬೂದಿಗೆ ಎಲ್ಲಿಯದ್ದು?" ಈ ತೀರ್ಪಿಗೆ ಆಧಾರ ಯಾವ ಶಾಸ್ತ್ರದಲ್ಲಿದೆಯೆಂದು ನಾನು ಇವತ್ತಿಗೂ ಹುಡುಕಿಲ್ಲ. ಇಲ್ಲದಿದ್ದರೆ ಸೇರಿಸಬೇಕು.

ಡಿಸೆಂಬರ್ ಎರಡನೇ ವಾರಕ್ಕೆ ಪಕ್ಕದ ಮನೆಯ ಬಾಯಮ್ಮ ಬೈಹುಲ್ಲು ಕೇಳಲು ಬರುತ್ತಿದ್ದರು, ಗೋದಲಿಗೆ. ನಮ್ಮ ಹಟ್ಟಿಯ ಹುಲ್ಲಿನ ಮೇಲೆ ಬಾಲಯೇಸು ಮಲಗುತ್ತಾನೆಂದು ತಂಗಿಗೆ ಬಹಳ ಜಂಬ. ಅವರ ಮನೆಯಲ್ಲಿ ಆಗ ಕುಸ್ವಾರದ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಯಾರಿ. ನೆವ್ರಿ, ಗುಳಿಯೊ, ಕಿಡಿಯೊ. ಕಿಡಿಯೊ ಮಾಡುವುದು ನೋಡಬೇಕು. ಮೈದಾಹಿಟ್ಟಿನ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಹೆಬ್ಬೆರಳಲ್ಲಿ ಸುರುಳಿ ಎಳೆದರೆ ಮೈತುಂಬ ಗೆರೆಯ ಹುಳ ಹುಟ್ಟುತ್ತದೆ. ನಮಗೆಂದು ಮೊಟ್ಟೆ ಹಾಕದ್ದನ್ನು ಅವರು ಬೇರೆಯೇ ಕರಿದಿಡುತ್ತಿದ್ದರು. ಅಜ್ಜಿ ತಿನ್ನುತ್ತಿರಲಿಲ್ಲ, ಆದರೆ ತಟ್ಟೆಯಿಂದ ಒಂದು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದು ವರ್ಷ ಬಾಯಮ್ಮನನ್ನು ಜಗಲಿಯಲ್ಲಿ ಕೂರಿಸಿ, "ಹೇಗೆ ಎಳೆಯುವುದು, ತೋರಿಸಿ" ಎಂದರು. ಹಿಟ್ಟು ಇರಲಿಲ್ಲ. ಬಾಯಮ್ಮ ಹತ್ತಿಯಲ್ಲೇ ತೋರಿಸಿದರು. ಆಮೇಲೆ ಹಾಗೆಯೇ ಮಾತಾಡುತ್ತ ಕೂತು ಅವರು ಹೊಸೆದ ಬತ್ತಿಗಳೂ ಡಬ್ಬಿಗೆ ಬಿದ್ದವು. ಅಜ್ಜಿ ಅವನ್ನು ಬೇರೆ ಮಾಡಿದ್ದನ್ನು ನಾನು ನೋಡಿಲ್ಲ. ಲಕ್ಷದಲ್ಲಿ ಎಷ್ಟು ಅವರವೋ.

ಈಗ ಅಜ್ಜಿ ಇಲ್ಲ. ಮನೆಯ ಮಾಡಿನ ಮೇಲೆ ಸೋಲಾರ್ ಬಂದಿದೆ, ನಲ್ಲಿ ತಿರುಗಿಸಿದರೆ ಬಿಸಿನೀರು. ಆದರೂ ಧನುರ್ಮಾಸ ಬಂತೆಂದರೆ ಅಮ್ಮ ಬಚ್ಚಲೊಲೆಗೆ ಬೆಂಕಿ ಹಾಕುತ್ತಾಳೆ. ಮೊಣಕಾಲು ನೋವು, ಹೊಗೆಗೆ ಕೆಮ್ಮು, ಬೇಡ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. "ಸೋಲಾರ್‌ನಲ್ಲಿ ಬೂದಿ ಬರ್ತದಾ?" ಎಂಬುದು ಅವಳ ಪ್ರಶ್ನೆ. ಉತ್ತರ ಇಲ್ಲದ್ದರಿಂದ ಒಂದು ಡಬ್ಬಿ ಬೂದಿ ನನ್ನ ಜೊತೆ ಮಂಗಳೂರಿನ ಫ್ಲಾಟಿಗೂ ಬರುತ್ತದೆ. ಟಿವಿ ನೋಡುತ್ತ ಹೆಂಡತಿ ಹೊಸೆಯುತ್ತಾಳೆ, ನಾನೂ ಕೈ ಹಾಕುತ್ತೇನೆ. ನನ್ನ ಬತ್ತಿಗಳು ಕಿಡಿಯೊ ಹಾಗೆ ಕಾಣುತ್ತವೆ ಎಂದು ಮಗಳ ಅಭಿಪ್ರಾಯ.

ಇವತ್ತು ಬೆಳಿಗ್ಗೆ ಎಣ್ಣೆ ಕಟ್ಟಿತ್ತು. ಬಾಟಲಿ ಹಿಡಿದುಕೊಂಡು ಇಡೀ ಫ್ಲಾಟು ಸುತ್ತಿದೆ, ಬೆಚ್ಚಗಿನ ಜಾಗವೇ ಇಲ್ಲ. ಕೊನೆಗೆ ಇಂಟರ್‌ನೆಟ್ಟಿನ ಮೋಡೆಮ್ಮಿನ ಮೇಲೆ ಕೈ ಇಟ್ಟರೆ ಸ್ವಲ್ಪ ಬಿಸಿ ಇತ್ತು. ಬಾಟಲಿಯನ್ನು ಅಲ್ಲಿ ಒರಗಿಸಿ ಅದರ ಮುಂದೆ ಕೂತೆ. ಅಷ್ಟರಲ್ಲಿ ಅಮ್ಮನ ಫೋನು.

"ಅಲ್ಲಿ ಎಣ್ಣೆ ಕಟ್ಟಿತಾ?"

"ಕಟ್ಟಿತು."

"ಹಾಗಾದ್ರೆ ಆದಿತ್ಯವಾರ ಬಾ. ಗುಳ್ಳ ಬಂದಿದೆ. ಬರುವಾಗ ಆ ಡಬ್ಬಿ ಮರೀಬೇಡ, ಹೋದ ವರ್ಷದ್ದೂ ನಿನ್ನ ಹತ್ರವೇ ಉಂಟು."