‘ಶ್ರಮಜೀವಿ’ ಅನ್ನುವ ಪದವನ್ನು ಮೊದಲು ಹೊಡೆದುಹಾಕಿ

ಮನೆಯ ಹಿರಿಯರೊಬ್ಬರು ತೀರಿಕೊಂಡ ವಾರದಲ್ಲಿ ಬರುವ ನೆನಪಿನ ಬರಹಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಶ್ರಮಜೀವಿ, ಮಿತಭಾಷಿ, ಸಂಸಾರಕ್ಕಾಗಿ ಜೀವ ತೇದವರು. ಹೆಸರೊಂದನ್ನು ಬದಲಿಸಿದರೆ ಎದುರುಮನೆಯವರಿಗೂ ಸರಿಹೊಂದುತ್ತದೆ. ಬರೆದವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಮೊಮ್ಮಗಳ ಮಗಳು ಅದನ್ನು ಓದಿದರೆ ಆ ಮನುಷ್ಯ ಏನು ಮಾಡುತ್ತಿದ್ದರು ಅನ್ನುವುದೇ ತಿಳಿಯುವುದಿಲ್ಲ.

ದುಡಿದರು ಅಂದರೆ ಏನು ಮಾಡಿದರು? ಎಷ್ಟು ಗಂಟೆಗೆ ಎದ್ದರು, ಎಷ್ಟು ದೂರ ನಡೆದರು, ಯಾರ ಕೈಕೆಳಗಿದ್ದರು, ನಡುವೆ ಎಷ್ಟು ತಿಂಗಳು ಕೆಲಸವಿಲ್ಲದೆ ಕೂತರು? ಬಡಗಿಯಾಗಿದ್ದರೆ ಉಳಿಯ ಹಿಡಿ ಯಾವ ಕಡೆ ಸವೆದಿದೆ ನೋಡಿ. ಲಾರಿ ಓಡಿಸುತ್ತಿದ್ದರೆ ಕಿಟಕಿ ಕಡೆಯ ತೋಳು ಇನ್ನೊಂದಕ್ಕಿಂತ ಕಪ್ಪಾಗಿರುತ್ತಿತ್ತು. ಗುಮಾಸ್ತರಾಗಿದ್ದರೆ ನಡುಬೆರಳಲ್ಲಿ ಪೆನ್ನಿನ ಗಂಟು ಇರುತ್ತಿತ್ತು. ಬರೆಯಬೇಕಾದದ್ದು ಇವನ್ನು. ಹಾಗಾಗಿ ಮನೆ ಚೊಕ್ಕಟ ಮಾಡುವ ಉತ್ಸಾಹವನ್ನು ಒಂದು ತಿಂಗಳು ತಡೆದುಕೊಳ್ಳಿ. ಮೊದಲು ಕಸಕ್ಕೆ ಹೋಗುವುದು ಹಳೆಯ ಪಾಸ್‌ಬುಕ್, ಸಾಲದ ಚೀಟಿ, ಲೆಕ್ಕದ ಪುಸ್ತಕ, ಮೂಲೆಯಲ್ಲಿ ಫೋನ್ ನಂಬರ್ ಗೀಚಿದ ಡೈರಿ. ಜೀವನಚರಿತ್ರೆ ಇರುವುದೇ ಅವುಗಳಲ್ಲಿ.

ಆಮೇಲೆ ದೊಡ್ಡ ಹಾಳೆಯೊಂದರಲ್ಲಿ ವರ್ಷಕ್ಕೊಂದು ಸಾಲು ಎಳೆಯಿರಿ. ಇಸವಿ, ಅವರ ವಯಸ್ಸು, ಹೆಂಡತಿಯ ವಯಸ್ಸು, ಒಂದೊಂದು ಮಗುವಿನ ವಯಸ್ಸು, ಕೆಲಸ, ಆದಾಯ, ಸಾಲ, ವಾಸವಿದ್ದ ಮನೆ: ಇಷ್ಟು ಕಾಲಂ. ಹುಟ್ಟಿದ ದಿನ ಕಾಗದದಲ್ಲೊಂದು, ಮನೆಯವರ ಬಾಯಲ್ಲೊಂದು ಇದ್ದರೆ ಎರಡನ್ನೂ ಬರೆದು ಯಾವುದು ಎಲ್ಲಿಂದ ಸಿಕ್ಕಿತು ಎಂದು ಪಕ್ಕದಲ್ಲಿ ಗುರುತು ಹಾಕಿ. ಒಂದನ್ನು ಅಳಿಸಿದರೆ ಮುಂದಿನ ಲೆಕ್ಕವೆಲ್ಲ ಹಳಿ ತಪ್ಪುತ್ತದೆ.

ಈ ಹಾಳೆ ತುಂಬುತ್ತಾ ಹೋದಂತೆ ಹೊಗಳಿಕೆಯ ಬರಹ ಮುಚ್ಚಿಟ್ಟದ್ದೆಲ್ಲ ಮೇಲೆ ಬರುತ್ತದೆ. 25ರಲ್ಲಿ ಮೊದಲ ಮಗು, 39ರಲ್ಲಿ ಕೊನೆಯದು ಅಂದುಕೊಳ್ಳಿ. ಹತ್ತು ವರ್ಷದ ಹಿರಿಮಗ ಕಂಡ ಅಪ್ಪನಿಗೆ 35, ಕಿರಿಮಗಳು ಕಂಡ ಅಪ್ಪನಿಗೆ 49. ಒಬ್ಬನಿಗೆ ಸಾಲದ ಭಾರದಲ್ಲಿ ಸಿಡುಕುವ ಅಪ್ಪ, ಇನ್ನೊಬ್ಬಳಿಗೆ ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ. ‘ನಮ್ಮಪ್ಪ ಹಾಗಿರಲೇ ಇಲ್ಲ’ ಅನ್ನುವ ಒಡಹುಟ್ಟಿದವರ ಜಗಳದಲ್ಲಿ ಸಾಮಾನ್ಯವಾಗಿ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಇನ್ನು ಮನೆ ಕಟ್ಟಿದ ಇಸವಿಯೂ ಮಗಳ ಓದು ನಿಂತ ಇಸವಿಯೂ ಒಂದೇ ಸಾಲಲ್ಲಿ ಬಂದರೆ ಅದನ್ನೂ ಹಾಗೇ ಬಿಡಿ. ಹೆಂಡತಿಯ ಕಾಲಂ ಖಾಲಿ ಬಿದ್ದರೆ ಕೆಲಸ ಅರ್ಧಕ್ಕೇ ನಿಂತಂತೆ: ಗಂಡ ಐದಕ್ಕೆ ಮನೆ ಬಿಡುತ್ತಿದ್ದರು ಅಂದರೆ ನಾಲ್ಕಕ್ಕೆ ಎದ್ದವರು ಇನ್ನೊಬ್ಬರಿದ್ದರು.

ಹಿರಿಯರು ಇನ್ನೂ ಇದ್ದರೆ ನೀವು ಪುಣ್ಯವಂತರು, ಇವತ್ತೇ ಕೂರಿ. ಒಮ್ಮೆಗೆ 45 ನಿಮಿಷ ಸಾಕು, ಆಮೇಲೆ ಅವರು ದಣಿದು ‘ಹೂಂ’ ಅನ್ನಲು ಶುರು ಮಾಡುತ್ತಾರೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಅವರಿಂದ ಒಂದಡಿ ದೂರದಲ್ಲಿ ಬಟ್ಟೆಯ ಮೇಲಿಡಿ; ಬರಿಯ ಮೇಜಿನ ಮೇಲಿಟ್ಟರೆ ಪ್ರತಿ ತಟ್ಟುವಿಕೆಯೂ ಗುಡುಗಿನಂತೆ ದಾಖಲಾಗುತ್ತದೆ. ಫ್ಯಾನ್ ಆರಿಸಿ. ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ, ಶುರುವಿನಲ್ಲೇ ತಾರೀಖು ಮತ್ತು ಹೆಸರು ಬಾಯಲ್ಲಿ ಹೇಳಿ. ‘ಜೀವನ ಹೇಗಿತ್ತು?’ ಎಂದು ಕೇಳಿದರೆ ‘ಹೇಗೋ ನಡೀತು’ ಅನ್ನುತ್ತಾರೆ. ‘ಕೆಲಸಕ್ಕೆ ಹೋದ ಕೂಡಲೇ ಕೈಗೆ ಮೊದಲು ಏನು ತಗೋತಿದ್ರಿ?’ ಎಂದು ಕೇಳಿ. ಉತ್ತರ ಮುಗಿದ ಮೇಲೂ ಐದು ಸೆಕೆಂಡು ಸುಮ್ಮನಿರಿ, ಅಸಲು ಮಾತು ಬರುವುದು ಆಗ.

ಒಂದು ಸಂಗತಿ ಗೊತ್ತಿರಲಿ. ವಯಸ್ಸಾದವರಿಗೆ ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ಹೆಚ್ಚು ದಟ್ಟವಾಗಿರುತ್ತವೆ. ಹಾಗಾಗಿ ಹುಡುಗಾಟದ ಕಥೆ ಧಾರಾಳ ಸಿಗುತ್ತದೆ, ಅವರು ಅತಿ ಹೆಚ್ಚು ದುಡಿದ ನಲವತ್ತು-ಐವತ್ತರ ವರ್ಷಗಳು ಮಸುಕಾಗಿರುತ್ತವೆ. ಅಲ್ಲಿಗೆ ಇಸವಿ ಹಿಡಿದು ಹೋದರೆ ದಾರಿ ಸಿಗದು. ಯಾವ ಮನೆಯಲ್ಲಿದ್ದಾಗ, ಮಗ ಎಷ್ಟನೇ ಕ್ಲಾಸಿನಲ್ಲಿದ್ದಾಗ, ಯಾವ ಗಾಡಿ ಇದ್ದಾಗ ಎಂದು ಕೇಳಿ. ಮಕ್ಕಳನ್ನು ಬೇರೆಬೇರೆಯಾಗಿ ಮಾತಾಡಿಸಿ. ಒಟ್ಟಿಗೆ ಕೂರಿಸಿದರೆ ಹಿರಿಯನ ಕಥೆಯೇ ಎಲ್ಲರ ನೆನಪಾಗಿಬಿಡುತ್ತದೆ.

ಫೋಟೋ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ, ಪಾಸ್‌ಪೋರ್ಟ್ ಅಳತೆಯದಾದರೆ 1200. ಹಿಂಬದಿ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್‌ಪೆನ್ನಿನ ಒತ್ತಡ ಮುಂಭಾಗದಲ್ಲಿ ಗೆರೆಯಾಗಿ ಏಳುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಹಾಕಿದ ಮೇಲೆ ತೆಗೆಯಲಾಗುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗುತ್ತದೆ.

ತೀರಿಕೊಂಡವರ ಫೋನ್ ವಿಷಯದಲ್ಲಿ ಮಾತ್ರ ಅವಸರ ಮಾಡಿ. ಸಿಮ್ ರೀಚಾರ್ಜ್ ನಿಂತರೆ ನಂಬರ್ ಬೇರೆಯವರ ಪಾಲಾಗಬಹುದು. ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನ ಬಳಕೆಯಿಲ್ಲದಿದ್ದರೆ ಅಳಿಯುತ್ತದೆ, ಗೂಗಲ್ ಖಾತೆಗೆ 2 ವರ್ಷದ ಗಡುವು. ಮುಖ್ಯ ಚಾಟ್‌ಗಳನ್ನು ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಿ. ‘ಎಲ್ಲಿದ್ದೀಯ, ಊಟ ಆಯ್ತಾ?’ ಎಂಬ ಏಳು ಸೆಕೆಂಡಿನ ವಾಯ್ಸ್ ಮೆಸೇಜ್ ಯಾವ ಭಾಷಣದಲ್ಲೂ ಸಿಗದು. ಎಲ್ಲದಕ್ಕೂ ಮೂರು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿರಲಿ.

ಬರೆಯಲು ಕೂತಾಗ ಇಡೀ ಜೀವನಕ್ಕೆ ಕೈ ಹಾಕಬೇಡಿ. ಅವರಿಗೆ ನಲವತ್ತೈದು ಆಗಿದ್ದಾಗಿನ ಒಂದು ಮಾಮೂಲಿ ಕೆಲಸದ ದಿನ, ಎದ್ದದ್ದರಿಂದ ಮಲಗುವವರೆಗೆ. ಮುಗಿಸಿದ ಮೇಲೆ ಅವರ ಜೊತೆ ಅತಿ ಹೆಚ್ಚು ಜಗಳವಾಡಿದವರ ಕೈಗೆ ಪೆನ್ಸಿಲ್ ಸಮೇತ ಕೊಡಿ. ಅವರು ಅಂಚಿನಲ್ಲಿ ಬರೆದದ್ದನ್ನು ಸಭೆಯಲ್ಲಿ ಓದಬೇಕಿಲ್ಲ. ಮನೆಯಲ್ಲಿಡುವ ಪ್ರತಿಯಿಂದ ಅಳಿಸುವುದೂ ಬೇಡ.