ಶಬ್ದ ರೋಗವನ್ನು ಗುರುತಿಸುವುದಿಲ್ಲ, ದ್ರವಗಳನ್ನು ಬೆರೆಸುತ್ತದೆ: ಒಂದು ಸ್ಪಷ್ಟನೆ

"ರಕ್ತ ತೆಗೆಯದೆ ಬರೀ ಶಬ್ದದಿಂದಲೇ ರೋಗ ಪತ್ತೆ ಮಾಡುವ ಚಿಪ್ ಬಂದಿದೆ" ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಇದನ್ನು ನಂಬಿ ವೈದ್ಯರು ಬರೆದುಕೊಟ್ಟ ರಕ್ತಪರೀಕ್ಷೆಯನ್ನು ದಯವಿಟ್ಟು ಯಾರೂ ಮುಂದೂಡಬಾರದು. ಇಂಥ ಚಿಪ್‌ಗೂ ರಕ್ತದ ಹನಿಯಂಥ ಮಾದರಿ ಬೇಕೇ ಬೇಕು, ಮತ್ತು ರೋಗದ ಗುರುತನ್ನು ಹಿಡಿಯುವುದು ಅದರೊಡನೆ ಸೇರುವ ಪ್ರತಿಕಾಯ ಅಥವಾ ರಾಸಾಯನಿಕವೇ ಹೊರತು ಶಬ್ದವಲ್ಲ. ಶಬ್ದದ ಕೆಲಸ ಇವೆರಡನ್ನೂ ಬೇಗ ಬೆರೆಸುವುದಷ್ಟೇ. ನವಲಗುಂದದ ಕಡೆ ಮಲಪ್ರಭಾ ಕಾಲುವೆಯಲ್ಲಿ ನೀರು ಸುಳಿಯೆದ್ದು ತಾನೇ ಬೆರೆಯುತ್ತದೆ. ಆದರೆ ಚಿಪ್‌ನೊಳಗಿನ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ಎರಡು ದ್ರವಗಳು ಪಕ್ಕಪಕ್ಕದಲ್ಲೇ ಶಾಂತವಾಗಿ ಹರಿಯುವುದರಿಂದ, ಅಣುಗಳ ನಿಧಾನವಾದ ವಿಸರಣೆಯೊಂದರಿಂದಲೇ ಅವು ಬೆರೆಯಬೇಕಾಗುತ್ತದೆ. ಧ್ವನಿತರಂಗ ಅಲ್ಲಿ ಪುಟ್ಟ ಸುಳಿಗಳನ್ನೆಬ್ಬಿಸಿ ಈ ಬೆರಕೆಯನ್ನು ಬೇಗ ಮುಗಿಸುತ್ತದೆ. ಲಿಥಿಯಂ ನಯೋಬೇಟ್ ಹರಳಿನ ಮೇಲ್ಮೈಯಲ್ಲಿ ವಿದ್ಯುತ್ತಿನಿಂದ ಹುಟ್ಟಿಸುವ ಇಂಥ ತರಂಗಗಳ ಕಂಪನ ಸೆಕೆಂಡಿಗೆ ಕೋಟಿಗಳಷ್ಟಿರುತ್ತದೆ. ನಮ್ಮ ಕಿವಿಗೆ ಕೇಳುವುದು ಸುಮಾರು 20,000ದವರೆಗೆ ಮಾತ್ರ.