ಮೂರಿಂಚಿನ ಪೈಪು, ಮೂರು ಸಾವಿರ ಆರ್‌ಪಿಎಂ

ಕಾರಿಗೆ ಯಾವ ಎಕ್ಸಾಸ್ಟ್ (ಹೊಗೆ ಹೊರಗೆ ಹಾಕುವ ಪೈಪು, ಸೈಲೆನ್ಸರ್) ಹಾಕಿಸಲಿ ಅಂತ ಇಲ್ಲಿನ ನಮ್ಮ ಕನ್ನಡದ ಹುಡುಗರು ಆಗಾಗ ಮೆಸೇಜ್ ಮಾಡುತ್ತಾರೆ. ಪ್ರತಿ ಸಲ ಟೈಪ್ ಮಾಡಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ.

ನನ್ನದು 2019ರ ಮಾಜ್ದಾ ಮಿಯಾಟಾ. ಎರಡು ಸೀಟು, ಎರಡು ಲೀಟರ್ ಇಂಜಿನ್, 181 ಹಾರ್ಸ್‌ಪವರ್, ಬಟ್ಟೆಯ ಟಾಪು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಓಡಿಸುತ್ತೇನೆ. ಇದಕ್ಕೆ ಎರಡು ಸಲ ಎಕ್ಸಾಸ್ಟ್ ಬದಲಾಯಿಸಿದ್ದೇನೆ. ಮೊದಲನೆಯದು ದುಡ್ಡು ಕೊಟ್ಟು ತಂದ ತಲೆನೋವು. ಎರಡನೆಯದು ಆ ತಲೆನೋವಿಗೆ ಮತ್ತೆ ದುಡ್ಡು ಕೊಟ್ಟು ತಂದ ಮಾತ್ರೆ.

ಈ ಹುಚ್ಚು ಹತ್ತಿದ್ದು ಕ್ಯಾಲಿಫೋರ್ನಿಯಾದಲ್ಲಲ್ಲ, ಮೈಸೂರಿನಲ್ಲಿ. ನಮ್ಮ ಸೋದರಮಾವನ ಹತ್ತಿರ ಯೆಜ್ಡಿ ಇತ್ತು. ಅಲ್ಲೇ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. 250 ಸಿಸಿ, ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಬೀದಿಯ ತಿರುವಿನಲ್ಲಿ ಅದರ ಸದ್ದು ಕೇಳಿದರೆ ಅತ್ತೆ ಕಾಫಿಗೆ ಹಾಲು ಇಡುತ್ತಿದ್ದರು. ಪಿಕಪ್ ಜಾಸ್ತಿ ಆಗುತ್ತೆ ಅಂತ ಯಾರೋ ಹೇಳಿದರೆಂದು ಮಾವ ಒಮ್ಮೆ ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕಿತ್ತು ಓಡಿಸಿದರು. ಇದ್ದ ಪಿಕಪ್ಪೂ ಹೋಯಿತು. ಬೀದಿಯವರ ಬೈಗುಳ ಮಾತ್ರ ಸಿಕ್ಕಿತು. ಒಂದು ವಾರದಲ್ಲಿ ಬ್ಯಾಫಲ್ ವಾಪಸ್ ಒಳಗೆ ಹೋಯಿತು.

ಇದನ್ನು ಕಣ್ಣಾರೆ ನೋಡಿದ ನಾನೂ ಅದೇ ತಪ್ಪು ಮಾಡಿದೆ. ವಿಡಿಯೋ ನೋಡಿ ಕೊಂಡೆ. ಬಂಪರ್ ಹಿಂದೆ ಮೈಕ್ ಇಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಯಾವ ಪೈಪಾದರೂ ಚೆನ್ನಾಗೇ ಹಾಡುತ್ತದೆ ಸ್ವಾಮಿ! ಆದರೆ ನಾವು ಹಾಗೆ ಓಡಿಸುವುದು ದಿನಕ್ಕೆ ಎಷ್ಟು ಹೊತ್ತು? ಹೆಚ್ಚೆಂದರೆ ಒಂದು ನಿಮಿಷ. ಮಿಕ್ಕ ಹೊತ್ತೆಲ್ಲ ಆರನೇ ಗೇರ್‌ನಲ್ಲಿ ಸುಮ್ನೆ ಹೋಗುತ್ತಿರುತ್ತೇವೆ. ಆಗ ಹೇಗಿರುತ್ತೆ ಅಂತ ಯಾವ ವಿಡಿಯೋದವರೂ ತೋರಿಸುವುದಿಲ್ಲ.

ಹಾಗೆ ಕೊಂಡದ್ದು ಮೂರಿಂಚಿನ ಪೈಪು, ಹೆಸರಿಗೊಂದು ಮಫ್ಲರ್, ಅಂದರೆ ಸೈಲೆನ್ಸರ್. ಮೊದಲ ವಾರ ಸ್ವರ್ಗ. ಎರಡನೇ ವಾರ ಐ-5 ಹೆದ್ದಾರಿಯಲ್ಲಿ ಲಾಸ್ ಏಂಜಲೀಸ್‌ಗೆ ಹೊರಟೆವು. ನನ್ನ ಕಾರು ಗಂಟೆಗೆ 75 ಮೈಲಿಯಲ್ಲಿ ಹೋಗುವಾಗ ಇಂಜಿನ್ ಹೆಚ್ಚುಕಡಿಮೆ 3000 ಆರ್‌ಪಿಎಂನಲ್ಲಿ ತಿರುಗುತ್ತದೆ. ಅಂದರೆ ನಿಮಿಷಕ್ಕೆ 3000 ಸುತ್ತು, ಸೆಕೆಂಡಿಗೆ 50. ನಾಲ್ಕು ಸಿಲಿಂಡರ್ ಇಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಎರಡು ಸಲ ಫೈರಿಂಗ್, ಅಂದರೆ ಪೆಟ್ರೋಲ್ ಹೊತ್ತಿಕೊಳ್ಳುವುದು. ಹಾಗಾಗಿ ಸೆಕೆಂಡಿಗೆ 100 ಬಡಿತ, 100 ಹರ್ಟ್ಸ್. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಎದ್ದು ಕೇಳುತ್ತದಲ್ಲ, ಹಾಗೆ ಕಾರಿನ ಒಳಗಿನ ಗಾಳಿಯೂ ಯಾವುದೋ ಒಂದು ಸ್ವರಕ್ಕೆ ಮಾತ್ರ ಎದ್ದು ಕೂರುತ್ತದೆ. ನನ್ನ ಕಾರಿನಲ್ಲಿ ಆ ಸ್ವರ ಸರಿಯಾಗಿ ಈ 100 ಹರ್ಟ್ಸ್ ಹತ್ತಿರವೇ ಇತ್ತು. ಇದಕ್ಕೆ ಡ್ರೋನ್ ಅಂತಾರೆ. ಜೋರು ಸದ್ದಲ್ಲ ಅದು. ತಲೆಬುರುಡೆಯೊಳಗೆ ಯಾರೋ ತಂಬೂರಿ ಹಿಡಿದು ಕೂತ ಹಾಗೆ. ಅದೂ ಒಂದೇ ತಂತಿ.

ಕೆಟಲ್‌ಮನ್ ಸಿಟಿ ಹತ್ತಿರ ಹೆಂಡತಿ ಕೇಳಿದಳು, ‘ರೀ, ಇದನ್ನ ಆಫ್ ಮಾಡೋಕೆ ಬರಲ್ವಾ?’

ಬರಲ್ಲ. 65ಕ್ಕೆ ಇಳಿಸಿದರೆ ಡ್ರೋನ್ ಹೋಗುತ್ತಿತ್ತು, ಆದರೆ ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. 85ಕ್ಕೆ ಏರಿಸಿದರೂ ಹೋಗುತ್ತಿತ್ತು, ಆದರೆ ಪೊಲೀಸರ ದಂಡದ ಟಿಕೆಟ್ ಬರುತ್ತಿತ್ತು. ವಾಪಸ್ ಬರುವಾಗ ಅವಳು ವಿಮಾನ ಹತ್ತಿದಳು. ತಮಾಷೆಗೆ ಹೇಳುತ್ತಿಲ್ಲ.

ಇನ್ನು ಪವರ್ ವಿಷಯ. ಟರ್ಬೊ (ಹೊಗೆಯ ಬಲದಿಂದಲೇ ಇಂಜಿನ್ನಿಗೆ ಗಾಳಿ ತುಂಬುವ ಪಂಪು) ಇಲ್ಲದ ಇಂಜಿನ್ನಿಗೆ ಕ್ಯಾಟ್‌ಬ್ಯಾಕ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನ ಪೈಪು, ಮಫ್ಲರ್) ಹಾಕಿದರೆ ಸಿಗುವುದು ನಾಲ್ಕೈದು ಹಾರ್ಸ್‌ಪವರ್. ಅದೂ ಸಿಕ್ಕರೆ. ಟರ್ಬೊ ಇದ್ದರೆ ಲೆಕ್ಕ ಬೇರೆ. ಅಲ್ಲಿ ಟರ್ಬೊ ಆದಮೇಲೆ ಹೊಗೆ ಎಷ್ಟು ಸಲೀಸಾಗಿ ಹೊರಗೆ ಹೋದರೆ ಅಷ್ಟು ಲಾಭ. ‘ಸ್ವಲ್ಪ ಬ್ಯಾಕ್ ಪ್ರೆಷರ್ ಬೇಕು’ ಅನ್ನುವ ಪಂಡಿತರು ಎಲ್ಲ ಕಡೆ ಸಿಗುತ್ತಾರೆ. ಹೊಗೆಯನ್ನು ಹಿಂದಕ್ಕೆ ತಳ್ಳುವ ಆ ಒತ್ತಡ ಕಾರಿನ ಇಂಜಿನ್ನಿಗೆ ಬೇಡ, ಮಾವನ ಯೆಜ್ಡಿಯ ಕತೆ ಬೇರೆ. ಬೇಕಾದದ್ದು ಹೊಗೆಯ ವೇಗ. ಒಂದು ಸಿಲಿಂಡರಿನ ಹೊಗೆ ರಭಸದಿಂದ ಹೋಗುವಾಗ ಹಿಂದೆ ಬರುವ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಪೈಪು ಅಗತ್ಯಕ್ಕಿಂತ ದಪ್ಪ ಆದರೆ ಆ ರಭಸ ಸಾಯುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಕಮ್ಮಿಯಾಗುತ್ತದೆ. ಎರಡು ಲೀಟರಿನ ಇಂಜಿನ್ನಿಗೆ ಮೂರಿಂಚು ಅಂದರೆ ಕೂಸಿಗೆ ಅಪ್ಪನ ಪ್ಯಾಂಟು ತೊಡಿಸಿದ ಹಾಗೆ. ಎರಡೂವರೆ ಇಂಚು ಧಾರಾಳವಾಯಿತು. ಹಾಗಾಗಿ ಪವರ್‌ಗೋಸ್ಕರ ತಗೊಂಡೆ ಅಂತ ಮನೆಯಲ್ಲಿ ಸುಳ್ಳು ಹೇಳಬೇಡಿ. ಸದ್ದಿಗೋಸ್ಕರ ತಗೊಳ್ಳುತ್ತಿದ್ದೀರಿ. ಅದರಲ್ಲಿ ನಾಚಿಕೆ ಏನು?

ಎರಡನೇ ಸಲ ವಿಡಿಯೋ ಬಿಟ್ಟೆ. ನಾನು ಕೊಳ್ಳಬೇಕೆಂದಿದ್ದ ಹೊಸ ಎಕ್ಸಾಸ್ಟನ್ನೇ ಹಾಕಿಸಿದವರೊಬ್ಬರನ್ನು ಹುಡುಕಿ, ಕಾಫಿ ಕೊಡಿಸಿ, ಅವರ ಕಾರಿನಲ್ಲಿ 280 ಹೆದ್ದಾರಿಯಲ್ಲಿ ಅರ್ಧ ಗಂಟೆ ಕೂತು ಬಂದೆ. ಟಾಪ್ ಮುಚ್ಚಿ, ಕಿಟಕಿ ಏರಿಸಿ, 75ರಲ್ಲಿ. ಮಾತಾಡಿದ್ದು ಕೇಳಿಸಿತು. ಅಷ್ಟು ಸಾಕಿತ್ತು. ಅದರ ಪೈಪಿನ ಪಕ್ಕದಲ್ಲಿ ಕೊನೆ ಮುಚ್ಚಿದ ಇನ್ನೊಂದು ಕೊಳವೆ ಇದೆ. ಸದ್ದಿನ ಅಲೆ ಅದರೊಳಗೆ ಹೋಗಿ, ಮುಚ್ಚಿದ ತುದಿಗೆ ಬಡಿದು, ಅರ್ಧ ಹೆಜ್ಜೆ ತಡವಾಗಿ ವಾಪಸ್ ಬಂದು, ಮುಂದೆ ಬರುತ್ತಿರುವ ಅಲೆಯನ್ನು ಹೊಡೆದು ಹಾಕುತ್ತದೆ. ಆ ಕೊಳವೆಯ ಉದ್ದ ಲೆಕ್ಕ ಹಾಕಿ ಇಟ್ಟರೆ ಆ ಒಂದು ಸ್ವರ ಮಾತ್ರ ಮಾಯ. ಮಿಕ್ಕ ಹಾಡು ಹಾಗೇ ಉಳಿಯುತ್ತದೆ. ನನಗೆ ಇದು ಯಾವ ಟೈಟಾನಿಯಂ ಟಿಪ್ಪಿಗಿಂತಲೂ ಚೆಂದ ಕಂಡಿತು.

ಟೈಟಾನಿಯಂ ಅಂದಮೇಲೆ ನೆನಪಾಯಿತು. ಹಗುರ ಹೌದು, ಬಿಸಿಗೆ ಬರುವ ನೀಲಿ ಬಣ್ಣವೂ ಚೆಂದ, ಬೆಲೆ ಕೇಳಿದರೆ ನಮ್ಮ ಮುಖವೂ ನೀಲಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. 409 ಅಗ್ಗ, ಆದರೆ ಮೇಲೆ ತುಕ್ಕಿನ ಬಣ್ಣ ಬರುತ್ತದೆ.

ಬೆಳಗಿನ ಮೊದಲ ಸ್ಟಾರ್ಟ್ ಕೇಳದೆ ಮಾತ್ರ ಕೊಳ್ಳಬೇಡಿ. ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಕಾಯಲಿ ಅಂತ ಇಂಜಿನ್ ಮೊದಲ ನಿಮಿಷ ಐಡ್ಲಿಂಗ್‌ನಲ್ಲೇ ಜೋರಾಗಿ ತಿರುಗುತ್ತದೆ. ಬೆಳಗ್ಗೆ ಆರಕ್ಕೆ ಆಫೀಸಿಗೆ ಹೊರಡುವವರಿದ್ದರೆ ಪಕ್ಕದ ಮನೆಯವರಿಗೆ ನೀವೇ ಅಲಾರಂ. ಮೂರಿಂಚು ಇದ್ದಾಗ ಪಕ್ಕದ ಮನೆಯ ಅಜ್ಜಿ ಏನೂ ಬೈಯಲಿಲ್ಲ. ‘ಹೊಸ ಲಾನ್ ಮೋವರ್ ತಗೊಂಡ್ರಾ?’ ಅಂತ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಕಾನೂನು ಇಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಕಾರಿಗೆ 95 ಡೆಸಿಬೆಲ್ ಮಿತಿ. ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನ ಪೈಪು ನಿಮ್ಮಿಷ್ಟ. ಕನ್ವರ್ಟರಿಗೋ ಅದರ ಮುಂದಿನದಕ್ಕೋ ಕೈ ಹಾಕುವುದಾದರೆ ಆ ಭಾಗಕ್ಕೆ ಕಾರ್ಬ್‌ನ (ರಾಜ್ಯದ ವಾಯು ಮಾಲಿನ್ಯ ಮಂಡಳಿ) ಇಒ ನಂಬರ್, ಅಂದರೆ ಒಪ್ಪಿಗೆಯ ನಂಬರ್, ಇರಲೇಬೇಕು, ಇಲ್ಲದಿದ್ದರೆ ಸ್ಮಾಗ್ ಚೆಕ್ ಅನ್ನುವ ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ರೇಸ್ ಟ್ರ್ಯಾಕಿಗೆ ಹೋಗುತ್ತೇನೆ, ಅಲ್ಲಿ ಯಾರು ಕೇಳುತ್ತಾರೆ ಅನ್ನುವವರು ಲಗುನಾ ಸೆಕಾಗೆ ಹೋಗಿ ನೋಡಿ. ಅಲ್ಲಿ 90 ಡೆಸಿಬೆಲ್ ಮಿತಿಯ ದಿನಗಳಿರುತ್ತವೆ, ಟ್ರ್ಯಾಕ್ ಪಕ್ಕದಲ್ಲೇ ಮೈಕ್ ಇಟ್ಟು ಅಳೆಯುತ್ತಾರೆ. ದೊಡ್ಡ ದೊಡ್ಡ ಕಾರಿನವರು ಆ ಜಾಗ ಬಂದಾಗ ಆಕ್ಸಿಲರೇಟರಿಂದ ಕಾಲು ತೆಗೆಯುತ್ತಾರೆ. ಕೆಲವರು ಎಕ್ಸಾಸ್ಟ್ ತುದಿಗೆ ಸೊಟ್ಟ ಪೈಪು ಸಿಕ್ಕಿಸಿ ಸದ್ದನ್ನು ಮೈಕಿನ ಇನ್ನೊಂದು ಬದಿಗೆ ತಿರುಗಿಸುತ್ತಾರೆ. ಬುದ್ಧಿವಂತಿಕೆ ಅಂದರೆ ಅದು!

ಹೊಸದರ ಸದ್ದನ್ನು ಮಾವನಿಗೆ ವಿಡಿಯೋ ಕಾಲ್‌ನಲ್ಲಿ ಕೇಳಿಸಿದೆ. ಕಿವಿಗೆ ಫೋನ್ ಹಿಡಿದು ಕೇಳಿ, ‘ಇಷ್ಟೇನೇನೋ? ನಮ್ ಯೆಜ್ಡಿ ವಾಸಿ’ ಅಂದರು. ಹೋಗಲಿ.

ಆ ಮೂರಿಂಚಿನ ಪೈಪು ಇನ್ನೂ ಗ್ಯಾರೇಜಿನಲ್ಲಿ ಬಿದ್ದಿದೆ. ಇಷ್ಟೆಲ್ಲ ಓದಿದ ಮೇಲೂ ಬೇಕು ಅನ್ನುವವರಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಕಳಿಸುವ ಖರ್ಚು ನನ್ನ ಹೆಂಡತಿ ಕೊಡುತ್ತಾಳಂತೆ.